ಹಾಜರಿ ಪುಸ್ತಕ

ಅರವತ್ಮೂರು ಸಹಿ, ಅದರಲ್ಲಿ ಹತ್ತೊಂಬತ್ತು ಹೆಬ್ಬೆಟ್ಟು.
ಖಾರಾಬೂಂದಿ ಎರಡು ಕೆಜಿ, ಟೀ ಎಪ್ಪತ್ತು ಲೋಟ.
ಹೊಂಗೆಕೊಪ್ಪಲಿನ ಶಾಲೆಯ ಜಗಲಿಯಲ್ಲಿ
ಕೆರೆ ಪುನಶ್ಚೇತನದ ನಕ್ಷೆ ಬಿಡಿಸಿ ನಾನು
'ಸಮುದಾಯದ ಸಹಭಾಗಿತ್ವ' ಎಂಬ ಕಲಮಿನ ಮುಂದೆ
'ಆಯಿತು' ಎಂದು ಬರೆದುಕೊಂಡೆ.

ನಕ್ಷೆಯಲ್ಲಿ ಕೆರೆ ತುಂಬ ಅಂದವಾಗಿತ್ತು:
ಸುತ್ತ ತಂತಿಬೇಲಿ, ಏರಿಗೆ ಕಲ್ಲುಹಾಸು,
ನಡೆದಾಡಲು ಹಾದಿ, ಕೂರಲು ಆರು ಸಿಮೆಂಟು ಬೆಂಚು.
ಯಾರಿಗಾದರೂ ಏನಾದರೂ ಹೇಳುವುದಿದೆಯೆ?
ಕುರ್ಚಿಗಳು ಸುಮ್ಮನಿದ್ದವು.
ಜಗಲಿಯ ಕೆಳಗೆ, ಚಪ್ಪಲಿಗಳ ಪಕ್ಕ ನಿಂತಿದ್ದ
ನೀರುಗಂಟಿ ಮರಿಮಾದಯ್ಯ ಮಾತ್ರ
'ಜೊಂಡ ಪೂರಾ ಕಿತ್ತಾಕ್ತೀರಾ, ಮೇಡಮ್ಮೋರೆ?' ಅಂದ.
'ಪೂರಾ' ಅಂದೆ, ಖುಷಿಯಾಗಲಿ ಎಂದು.
ಟೀ ಲೋಟ ಕೆಳಗಿಟ್ಟು ಹೋದ.
(ಆ ಲೋಟ ಬೇರೆಯದಿತ್ತು ಎಂಬುದು
ನನಗೆ ಹೊಳೆದದ್ದು ಎಷ್ಟೋ ತಿಂಗಳ ಮೇಲೆ.)

ಯಂತ್ರ ಬಂತು. ಜೊಂಡು ಹೋಯಿತು.
ನಾಮಗೋಳಿಯ ಮೊಟ್ಟೆಗಳೂ ಹೋದವು, ಹೂಳಿನ ಟ್ರ್ಯಾಕ್ಟರಿನಲ್ಲಿ.
ನೆಟ್ಟ ಆರುನೂರು ಸಸಿಯಲ್ಲಿ
ಗೌರಿಹಬ್ಬದ ಹೊತ್ತಿಗೆ ಉಳಿದದ್ದು ಕಡ್ಡಿ.
ಬೇಲಿ ಕತ್ತರಿಸಿದ್ದು ಯಾರೆಂದು ಯಾರೂ ಹೇಳಲಿಲ್ಲ.
ಮಳವಳ್ಳಿ ಸೀಮೆಗೆಲ್ಲ ಮಳೆ ಸುರಿದ ರಾತ್ರಿಯೂ
ಕೆರೆಯಲ್ಲಿ ಮೊಣಕಾಲುದ್ದ ನೀರು.
ಮಿಕ್ಕದ್ದು ಎಲ್ಲೋ ದಾರಿ ತಪ್ಪಿತ್ತು.

ಫೋಟೋ ತೆಗೆಯಲು ಹೋದವಳನ್ನು
ಹೊಂಬಾಳಮ್ಮ ಕೋಲು ಅಡ್ಡ ಹಿಡಿದು ತಡೆದಳು.
'ಬೇಲಿ ಹಾಕ್ಸಿದೋರು ನೀವೇಯಾ?
ಇಪ್ಪತ್ತೆಂಟು ಆಡು ನನ್ನವು. ನೀರಿಗೆ ಎಲ್ಲಿಂದ ಇಳಿಸ್ಲಿ?'
ಆಮೇಲೆ ಅವಳೇ, ಎಲೆಅಡಿಕೆ ಉಗಿದು:
'ಆಡು ಮುಟ್ಟದ್ದ ಮೊದ್ಲು ನೆಡಿ. ಲಕ್ಕಿ ಇಲ್ವಾ, ಲಕ್ಕಿ?
ಮುಟ್ಟೋದ ಅದರ ಮರೇಲಿ ಇಡಿ.'
ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ಲ, ಎಂದೆ.
'ಗಾದೆ ಕಟ್ಟಿದೋನು ಆಡು ಕಾದಿರ್ನಿಲ್ಲ ಕಣವ್ವ.'

ಮರಿಮಾದಯ್ಯನವರು ಮಾತಾಡಲಿಲ್ಲ, ನಡೆದರು.
ನಾನು ಹಿಂದೆ. ನಕ್ಷೆಯಲ್ಲಿಲ್ಲದ ಹಳ್ಳದ ಜಾಡಿನಲ್ಲಿ
ಎರಡೂವರೆ ಮೈಲಿ, ರಾಗಿ ಹೊಲದ ಬದುವಿಗುಂಟ.
ಅಲ್ಲಲ್ಲಿ ನಿಂತು, ಅಂಗಾಲಿನಿಂದ ನೆಲ ಒತ್ತಿ,
'ಇಲ್ಲಿ ಒಸಿ ಮನಗ್ತದೆ ನೀರು' ಅಂದರು.
'ಇಲ್ಲಿ ತಿರುಗ್ತದೆ.'
ಜವನೇಗೌಡರ ಕಬ್ಬಿನ ಗದ್ದೆ ಬಂದಾಗ ಏನೂ ಅನ್ನಲಿಲ್ಲ.
ಕಬ್ಬಿನ ಆಚೆ ಕಾಲುವೆ ಮತ್ತೆ ಸಿಕ್ಕಿತು.

ಏಳಡಿ ಕೇಳಿದೆವು. ಮೂರು ಸಭೆ, ಒಂದು ಜಗಳ,
ಸೊಸೆ ಕೋಮಲ ಒಳಗಿನಿಂದಲೇ
'ನನ್ ತವರಲ್ಲಿ ಕೆರೆ ಸತ್ತ್ ಮೇಲೆ ಬಾವೀನೂ ಸತ್ತೋಯ್ತು' ಅಂದದ್ದು.
ಕೊಟ್ಟದ್ದು ನಾಲ್ಕಡಿ.
ಉಳಿದ ಮೂರಡಿಯಲ್ಲಿ ಈಗಲೂ ಕಬ್ಬಿದೆ. ಇರಲಿ ಎನ್ನಲಾರೆ.

ಬೆಂಚಿನ ದುಡ್ಡು ಗುದ್ದಲಿಯವರ ಕೂಲಿಗೆ ಹೋಯಿತು;
ಆಡಿಟ್‌ನವರಿಗೆ ಅದನ್ನು ವಿವರಿಸಿದ್ದು ಬೇರೆಯೇ ಕಥೆ.
ಕೋಡಿಯ ಮಗ್ಗುಲಿಗೆ ಮತ್ತೆ ಜೊಂಡಿನ ಗಡ್ಡೆ ಹುಗಿದವರು
ಹಿಂದೆ ಚಾಪೆ ಹೆಣೆಯುತ್ತಿದ್ದ ಐವರು ಹೆಂಗಸರು.
ಗಡ್ಡೆಯ ತಲೆ ಯಾವುದು, ಕಾಲು ಯಾವುದು, ನನಗೆ ತಿಳಿಯದು.
ನಕ್ಕರು. ಹೊತ್ತು ಮುಳುಗುವವರೆಗೂ ನಕ್ಕರು.

ಈಗಿನ ಹಾಜರಿ ಪುಸ್ತಕ ಅವರ ಹತ್ತಿರವಿದೆ, ಕೆಂಪು ರಟ್ಟಿನದು.
ಯಾರು ಎಷ್ಟು ದಿನ ಹಾರೆ ಹಿಡಿದರು ಎಂದು
ಹೊಂಬಾಳಮ್ಮನ ಮೊಮ್ಮಗಳು ಬರೆಯುತ್ತಾಳೆ.
ನನ್ನ ಹೆಸರಿನ ಮುಂದೆ ಹನ್ನೊಂದು ಗೈರು.

ಈ ಸಲ ಸ್ವಾತಿ ಮಳೆಗೆ ನೀರು ಬಂದದ್ದು ರಾತ್ರಿ.
ನನಗೆ ಯಾರೂ ಫೋನು ಮಾಡಲಿಲ್ಲ.
ಬೆಳಗಿನ ಬಸ್ಸಿನ ಕಂಡಕ್ಟರು ಚಿಲ್ಲರೆಯ ಜೊತೆ ಹೇಳಿದ.
ಸಂಜೆಯವರೆಗೂ ಏರಿಯ ಮೇಲೆ ನಿಂತೆ, ಕೆಲಸವಿಲ್ಲದವಳ ಹಾಗೆ.
ಕತ್ತಲಾಗುವಾಗ, ತೂಬು ಸೋರುತ್ತಿದೆಯೆಂದು ಇಳಿಯುತ್ತ
ಮರಿಮಾದಯ್ಯನವರು ಹಿಂತಿರುಗಿ ನೋಡದೆ ಬ್ಯಾಟರಿ ಚಾಚಿದರು.
'ಹಿಡ್ಕೊ ಮಗಾ.
ಅಲ್ಲಲ್ಲ, ನನ್ ಮಕದ್ ಮೇಲಲ್ಲ. ಕೈ ಮೇಲೆ.'

ಹಿಡಿದೆ.
ಕೈ ಮೇಲೆ.